ಹಿಮದ ಮೇಲೆ ಜಾರಲು ಹೊರಟ ಗಾರೆಯವರು

ಬಹಳ ವರ್ಷ ನಾನು ಅವರನ್ನು ಮೂಳೆ ಡಾಕ್ಟರೆಂದೇ ನಂಬಿದ್ದೆ. ಇದರಲ್ಲಿ ನನ್ನ ತಪ್ಪು ಹೆಚ್ಚಿಲ್ಲ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬಿಳಿ ಕೋಟನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡು, ಎದುರಿಗೆ ಬಂದವರ ಮುಖ ಬಿಟ್ಟು ಕಾಲು ನೋಡುತ್ತ, ಬೀದಿಯ ನಟ್ಟನಡುವೆ ನಡೆದುಹೋಗುವ ಮನುಷ್ಯ ಇನ್ನೇನಾಗಿರಲು ಸಾಧ್ಯ? "ನಮಸ್ಕಾರ ಡಾಕ್ಟ್ರೇ" ಎಂದು ಬೀದಿಯವರೆಲ್ಲ ಅನ್ನುತ್ತಿದ್ದರು. ಅವರು ಅರ್ಧ ಇಂಚು ತಲೆಯಾಡಿಸಿ ಅದನ್ನು ಸ್ವೀಕರಿಸುತ್ತಿದ್ದರು. ಒಮ್ಮೆ ಬಸ್ ನಿಲ್ದಾಣದಲ್ಲಿ ಧೈರ್ಯ ಮಾಡಿ ನನ್ನ ಮೊಣಕಾಲು ತೋರಿಸಿಯೇಬಿಟ್ಟೆ. ಅವರು ಬಗ್ಗಿ ಎರಡು ಬೆರಳಿನಿಂದ ತಟ್ಟಿ, ದೂರದ ಕಂಬವೊಂದನ್ನು ದಿಟ್ಟಿಸಿ, "ಹೂಂ... ಮೆಟ್ಟಿಲು ಇಳಿಯೋವಾಗ ಪಕ್ಕಕ್ಕೆ ತಿರುಗಿ ಇಳೀರಿ" ಎಂದರು. ಮೂರು ತಿಂಗಳು ನಾನು ಏಡಿಯ ಹಾಗೆ ಮೆಟ್ಟಿಲಿಳಿದೆ. ನೋವು ಹೋಯಿತು. ಆಮೇಲೊಂದು ದಿನ ಯಾರನ್ನೋ ನೋಡಲು ಆಸ್ಪತ್ರೆಗೆ ಹೋದವನು ದಾರಿ ತಪ್ಪಿ ಒಂದು ಬಾಗಿಲು ತಳ್ಳಿದರೆ, ನಮ್ಮ ಡಾಕ್ಟರು ನೆಲದ ಮೇಲೆ ಮಂಡಿಯೂರಿ, ಮೊಣಕೈವರೆಗೆ ಬಿಳೀ ರಾಡಿ ಮೆತ್ತಿಕೊಂಡು, ಒಬ್ಬ ದಪ್ಪ ಮನುಷ್ಯನ ಕಾಲಿಗೆ ಪಟ್ಟಿ ಸುತ್ತುತ್ತಿದ್ದಾರೆ! ಅವರ ಅರ್ಧ ವಯಸ್ಸಿನ ನಿಜವಾದ ಡಾಕ್ಟರೊಬ್ಬಳು ಬಾಗಿಲಲ್ಲಿ ನಿಂತು, "ಗಾರೆಯವರೇ, ಸ್ವಲ್ಪ ಬೇಗ" ಅನ್ನುತ್ತಿದ್ದಾಳೆ. ಅವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಒಂದು ರವೆಯಷ್ಟೂ ಅಳುಕದೆ, "ಮೊಣಕಾಲು ಹೇಗಿದೆ?" ಎಂದು ಕೇಳಿದರು.

ಬೀದಿಯಲ್ಲಿ ಡಾಕ್ಟ್ರು, ಆಸ್ಪತ್ರೆಯಲ್ಲಿ ಗಾರೆಯವರು. ಇಪ್ಪತ್ತಾರು ವರ್ಷದಿಂದ ಅವರು ಪ್ಲಾಸ್ಟರ್ ರೂಮಿನ ಯಜಮಾನರು. ಯಜಮಾನರು ಎಂದರೆ ಆ ಕೋಣೆಯಲ್ಲಿ ಇನ್ನೊಬ್ಬರಿಲ್ಲ ಎಂದು ಅರ್ಥ. ಒಂದು ಎತ್ತರದ ಮಂಚ, ಒಂದು ಬಕೀಟು, ಒಂದು ಸಿಂಕು, ಗೋಡೆಗೆ ನೇತುಹಾಕಿದ ಕತ್ತರಿಗಳು, ಒಣಗಿದ ಪ್ಲಾಸ್ಟರನ್ನು ಕುಯ್ಯುವ ಪುಟ್ಟ ಗರಗಸ, ಬಾಗಿಲ ಹಿಂದೆ ತೂಕದ ಯಂತ್ರ. ಗರಗಸಕ್ಕೆ ಕರೆಂಟು ಕೊಟ್ಟರೆ ಅದು ಕೊಡುವ ಕೂಗಿಗೆ ಗಟ್ಟಿ ಗಂಡಸರೂ ಅಮ್ಮನನ್ನು ನೆನೆಯುತ್ತಾರೆ. ಆಗ ಗಾರೆಯವರು, "ಇದು ಚರ್ಮ ಕುಯ್ಯೋದಿಲ್ಲ ಸ್ವಾಮಿ, ಬರೀ ನಡುಗುತ್ತೆ" ಎನ್ನುತ್ತಾರೆ. ಇಪ್ಪತ್ತಾರು ವರ್ಷದಲ್ಲಿ ಈ ಮಾತನ್ನು ನಂಬಿದ ಒಬ್ಬ ರೋಗಿಯೂ ಸಿಕ್ಕಿರಲಿಲ್ಲ.

ಮನುಷ್ಯರನ್ನು ಅವರು ಅಳೆಯುತ್ತಿದ್ದದ್ದು ವಾರಗಳಲ್ಲಿ. ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿದವಳು ಎದುರಿಗೆ ಬಂದರೆ "ಪಾದದ ಗಂಟು, ಆರು ವಾರ" ಎಂದುಕೊಳ್ಳುವರು. ಬಸ್ಸು ನಿಲ್ಲುವ ಮೊದಲೇ ಇಳಿಯುವವನನ್ನು ಕಂಡರೆ "ಮುಂಗೈ, ಐದು ವಾರ". ಇಂಥ ಲೆಕ್ಕದ ಮನುಷ್ಯನಿಗೆ ತನ್ನ ಮದುವೆ ಮಾತ್ರ ಎಷ್ಟು ವಾರದ್ದೆಂದು ತಿಳಿಯದೆ ಪ್ರತಿ ವರ್ಷ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಹೀಗೆ ಹೋಗಿ ಹೋಗಿ ಐವತ್ತೊಂದು ತುಂಬಿತು. ತಲೆಗೆ ಕಪ್ಪು ಬಣ್ಣ ಬಂತು.

ಕೊನೆಗೆ ಕೈ ಹಾಕಿದವಳು ಅವರ ಅಕ್ಕ. ಅಕ್ಕ ಯಾವುದಕ್ಕಾದರೂ ಕೈ ಹಾಕಿದಳೆಂದರೆ ಅದು ಮುಗಿಯುವವರೆಗೆ ಕೈ ತೆಗೆಯುವವಳಲ್ಲ. ಗೆಳತಿಯ ನಾದಿನಿಯ ಕಡೆಯಿಂದ ಒಂದು ಹೆಣ್ಣು ಹುಡುಕಿದಳು. ನಲವತ್ತನಾಲ್ಕು, ಸ್ವಂತ ಸಂಪಾದನೆ, ಮಾತು ಸ್ವಲ್ಪ ನೇರ. ಫೋನಿನಲ್ಲಿ ಹೆಣ್ಣಿನ ಕಡೆಯವರು ತಮ್ಮನ ವಯಸ್ಸು ಕೇಳಿದಾಗ, ಅಕ್ಕ ತರಕಾರಿಯ ತುದಿ ಮುರಿದೆಸೆಯುವಷ್ಟೇ ಸಲೀಸಾಗಿ, "ನಲವತ್ತೆಂಟು" ಎಂದಳು.

"ಅಕ್ಕಾ, ಐವತ್ತೊಂದು" ಎಂದು ಗಾರೆಯವರು ಪಕ್ಕದಿಂದ ಪಿಸುಗುಟ್ಟಿದರು.

ಫೋನಿಗೆ ಕೈ ಅಡ್ಡ ಹಿಡಿದು ಅಕ್ಕ ಹೇಳಿದಳು: "ಐವತ್ತು ಅಂದ್ರೆ ಅವರು ಮುದುಕ ಅಂತಾರೆ. ಐವತ್ತೊಂದು ಅಂದ್ರೆ ಫೋನ್ ಇಡ್ತಾರೆ. ಸುಮ್ನೆ ಕೂತ್ಕೋ."

"ರಿಜಿಸ್ಟ್ರಾರ್ ಆಫೀಸಲ್ಲಿ ಹೇಗೂ ಗೊತ್ತಾಗುತ್ತಲ್ಲ?"

"ಅಲ್ಲಿ ಯಾರು ಓದ್ತಾರೋ? ಸಹಿ ಹಾಕೋ ಜಾಗ ಬೆರಳಲ್ಲಿ ತೋರಿಸ್ತಾರೆ, ಅಲ್ಲಿ ಹಾಕಿ ಬರೋದು."

ಗಾರೆಯವರು ಸುಮ್ಮನೆ ಕೂತರು. ಮೂರು ವರ್ಷ ಕಮ್ಮಿಯಾದದ್ದು ಮೈಗೂ ಹಿತವಾಗಿಯೇ ಇತ್ತೆನ್ನಿ.

ಹೆಣ್ಣು ಹೆದ್ದಾರಿಯ ಬದಿಯ ತೂಕದ ಕಟ್ಟೆಯಲ್ಲಿ ಕೆಲಸ ಮಾಡುವವಳು. ಲಾರಿಗಳು ಬಂದು ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತವೆ. ಗಾಜಿನ ಕಿಟಕಿಯ ಹಿಂದೆ ಕೂತ ಆಕೆ ತೂಕದ ಚೀಟಿ ಹರಿದು ಕೊಡುತ್ತಾಳೆ. ಇಪ್ಪತ್ತು ವರ್ಷದಿಂದ ಚಾಲಕರೆಲ್ಲ ಆಕೆಯನ್ನು "ತೂಕದ ಮೇಡಂ" ಎಂದೇ ಕರೆಯುವುದು. ಒಂದು ಚಕ್ರವನ್ನು ಹಾಸಿನಿಂದ ಎರಡು ಬೆರಳಷ್ಟು ಹೊರಗೆ ನಿಲ್ಲಿಸುವವರು, ಕ್ಲೀನರನನ್ನು ಸೀಟಿನ ಕೆಳಗೆ ಮಲಗಿಸುವವರು, ಖಾಲಿ ಲಾರಿಯ ತೂಕಕ್ಕೆ ನೀರಿನ ಡ್ರಮ್ ತುಂಬಿಕೊಂಡು ಬರುವವರು, ಎಲ್ಲರನ್ನೂ ಆಕೆ ಕುರ್ಚಿಯಿಂದ ಏಳದೆಯೇ ಹಿಡಿದಿದ್ದಾಳೆ. ಹಿಡಿದರೆ ಬೈಯುವುದಿಲ್ಲ. ಕಿಟಕಿಯಿಂದ ಕೈ ಹೊರಗೆ ಹಾಕಿ ಒಂದು ಸುತ್ತು ತಿರುಗಿಸುತ್ತಾಳೆ. ಲಾರಿ ಹಿಂದೆ ಹೋಗಿ, ಸಾಲಿನ ಕೊನೆಯಲ್ಲಿ ನಿಂತು, ಮತ್ತೆ ಹತ್ತಿ ಬರಬೇಕು. ಅಷ್ಟೇ.

ಇಬ್ಬರೂ ಮೊದಲು ಭೇಟಿಯಾದದ್ದು ಒಂದು ಟೀ ಅಂಗಡಿಯಲ್ಲಿ. ಗಾರೆಯವರು ಅಭ್ಯಾಸಬಲದಿಂದ ಆಕೆಯ ಕಾಲು ನೋಡಿದರು. ಚಪ್ಪಟೆ ಚಪ್ಪಲಿ, ನೆಟ್ಟಗಿನ ಹೆಜ್ಜೆ. ಒಂದು ವಾರವೂ ಹೊಳೆಯಲಿಲ್ಲ. ಎದೆ ಹಗುರವಾಯಿತು.

"ಮದುವೆ ಆಮೇಲೆ ಎಲ್ಲಿಗೆ ಹೋಗೋಣ ಅಂತ ನಿಮ್ಮ ಮನಸ್ಸಲ್ಲಿದೆ?" ಎಂದು ಟೀ ಬರುವ ಮೊದಲೇ ಕೇಳಿದಳು ಮೇಡಂ. ಮಾತು ನೇರ ಎಂದಿದ್ದರಲ್ಲ.

"ನಿಮ್ಮಿಷ್ಟ" ಎಂದರು ಗಾರೆಯವರು ಉದಾರವಾಗಿ.

"ಹಾಗಾದ್ರೆ ಹಿಮ. ಇಪ್ಪತ್ತು ವರ್ಷದಿಂದ ನಾನು ನೋಡ್ತಿರೋದು ಧೂಳು, ಹೊಗೆ, ಲಾರಿ ಟೈರು. ಟೈರಿನ ಗುರುತೇ ಇಲ್ಲದ ಒಂದು ನೆಲ ನೋಡಬೇಕು. ಬರೀ ನೋಡೋದಲ್ಲ, ಅದರ ಮೇಲೆ ಸ್ಕೀ ಕಟ್ಕೊಂಡು ಜಾರಬೇಕು."

ಸ್ಕೀ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಗಾರೆಯವರ ಕಣ್ಣ ಮುಂದೆ ಹದಿನೆಂಟು ಕಾಲುಗಳು ಸಾಲಾಗಿ ಹಾದುಹೋದವು. ಹಿಮದಲ್ಲಿ ಜಾರಲು ಹೋಗಿ ನೇರವಾಗಿ ತಮ್ಮ ಮಂಚಕ್ಕೇ ಬಂದು ಜಾರಿದವರ ಕಾಲುಗಳು. ಆದರೆ ನಲವತ್ತೆಂಟರ ಗಂಡು ಹಾಗೆಲ್ಲ ಹೆದರಬಾರದಲ್ಲ!

"ಹಿಮ ನನಗೇನೂ ಹೊಸದಲ್ಲ" ಎಂದುಬಿಟ್ಟರು. "ಸ್ಕೀಯಿಂಗಿನ ಒಳ ಹೊರಗೆಲ್ಲ ಗೊತ್ತು."

ಒಳಗಿನದು ಗೊತ್ತಿದ್ದದ್ದು ನಿಜ. ಎಕ್ಸ್‌ರೇ ನೋಡಿದ್ದರು.

ದಿನ ನಿಗದಿಯಾಯಿತು. ಸುಗ್ಗಿಯ ಲಾರಿಗಳು ಶುರುವಾದರೆ ಮೇಡಂಗೆ ಉಸಿರಾಡಲೂ ರಜೆ ಇಲ್ಲ. ಹಾಗಾಗಿ ಅದಕ್ಕೆ ಮುಂಚಿನ ಒಂದು ವಾರ, ಅಂದರೆ ಗುಡ್ಡದ ಮೇಲೆ ಹಿಮ ಬಿದ್ದೂ ಬೀಳದ ಹಾಗಿರುವ ಮೊದಲ ವಾರ. ಇದಕ್ಕೆ ಬೇರೆ ದಾರಿಯೇ ಇರಲಿಲ್ಲ. ಆದರೆ ಬೇರೆ ದಾರಿಯಿಲ್ಲದೆ ಮಾಡಿದ್ದನ್ನು ಯೋಚಿಸಿ ಮಾಡಿದ್ದೆಂದು ಹೇಳಿಕೊಳ್ಳದಿದ್ದರೆ ಗಾರೆಯವರು ಗಾರೆಯವರೇ ಅಲ್ಲ. "ಸೀಸನ್ನಿನ ಆರಂಭಕ್ಕೇ ಹೋಗಬೇಕು ಅನ್ನೋದು ನನ್ನ ಪ್ಲಾನು" ಎಂದು ನರ್ಸುಗಳ ಮುಂದೆ ವಿವರಿಸಿದರು. "ಬೀಳೋರಲ್ಲಿ ಅರ್ಧ ಜನ ತಾವಾಗಿ ಬೀಳೋದಿಲ್ಲ. ಇನ್ನೊಬ್ಬ ಬಂದು ಗುದ್ದುತ್ತಾನೆ. ಮೊದಲ ವಾರ ಗುದ್ದೋಕೆ ಜನವೇ ಇರಲ್ಲ."

"ಹಿಮವೂ ಇರಲ್ವಲ್ಲ ಗಾರೆಯವರೇ?" ಎಂದಳು ದೊಡ್ಡ ನರ್ಸು.

"ಅದು ಬೇರೆ ವಿಷಯ."

ಒಂದು ಫೈಲು ಹುಟ್ಟಿತು. ಬೇರೆ ಮದುವೆ ಗಂಡುಗಳು ಹನಿಮೂನನ್ನು ದಿನವಾರು ಯೋಜಿಸುತ್ತಾರೆ. ಇವರು ಮೂಳೆವಾರು ಯೋಜಿಸಿದರು. ಹೆಬ್ಬೆರಳಿಗೊಂದು ಹಾಳೆ, ಮಣಿಕಟ್ಟಿಗೊಂದು, ಕಾಲರ್ ಮೂಳೆಗೊಂದು, ಮೊಣಕಾಲ ಕೆಳಗಿನ ಉದ್ದ ಮೂಳೆಗೆ ಎರಡು. ಪ್ರತಿ ಹಾಳೆಯ ಕೊನೆಗೆ ಕೆಂಪು ಶಾಯಿಯಲ್ಲಿ ವಾರಗಳು. ಒಯ್ಯುವ ಸಾಮಾನಿನ ಪಟ್ಟಿಯಲ್ಲಿ ಮೊದಲನೆಯದು ಪ್ಲಾಸ್ಟರ್ ಸುರುಳಿ ಎಂಟು, ಎರಡನೆಯದು ಹತ್ತಿ, ಮೂರನೆಯದು ಊರುಗೋಲು ಒಂದು ಜೊತೆ. ಹೊಸ ಅಂಗಿ ಹನ್ನೊಂದನೆಯದು.

ಫೈಲನ್ನು ಮೇಡಂ ಟೀ ಅಂಗಡಿಯಲ್ಲಿ ತಿರುವಿ ಹಾಕಿ ಕೇಳಿದಳು, "ಊರುಗೋಲು ಒಂದೇ ಜೊತೆ ಸಾಕಾ? ಇಬ್ಬರೂ ಬಿದ್ರೆ?"

ಆಕೆ ತಮಾಷೆಗೆ ಹೇಳಿದ್ದು. ಗಾರೆಯವರು ಪೆನ್ನು ತೆಗೆದು ಗಂಭೀರವಾಗಿ ಒಂದನ್ನು ಎರಡು ಮಾಡಿದರು.

ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಸ್ಕೀ ಬಾಡಿಗೆಗೆ ಕೊಡುವ ಅಂಗಡಿಯಿಂದ ಒಂದು ಅರ್ಜಿ ಬಂತು. ಸೀಸನ್ನಿನ ಮೊದಲಲ್ಲಿ ನಮ್ಮಲ್ಲಿ ಬೂಟುಗಳು ಕಡಿಮೆ, ಆದ್ದರಿಂದ ಅಳತೆಗಳನ್ನು ಮುಂಚೆಯೇ ಕಳಿಸಿ, ಇಬ್ಬರೂ ಓದಿ ಸಹಿ ಮಾಡಿ ಎಂದಿತ್ತು. ಹೆಸರು, ಪಾದದ ಉದ್ದ, ಎತ್ತರ, ತೂಕ. ಅದರ ಕೆಳಗೆ, ಒಂದು ಗೆರೆಯಲ್ಲಿ, ಯಾವ ದ್ವೇಷವೂ ಇಲ್ಲದ ಅಕ್ಷರಗಳಲ್ಲಿ: ವಯಸ್ಸು ಐವತ್ತು ದಾಟಿದೆಯೇ? ಹೌದು ಎಂಬುದಕ್ಕೊಂದು ಚೌಕ. ಇಲ್ಲ ಎಂಬುದಕ್ಕೊಂದು ಚೌಕ.

ಬೇರೆ ಯಾರಾದರೂ ಆಗಿದ್ದರೆ ಇಲ್ಲ ಎಂದು ಗುರುತು ಹಾಕಿ ಟೀ ಕುಡಿಯುತ್ತಿದ್ದರು. ಗಾರೆಯವರಿಗೆ ಆ ಪ್ರಶ್ನೆ ಯಾಕೆ ಬಂತೆಂದು ಗೊತ್ತಿತ್ತು. ಸ್ಕೀ ಎಂದರೆ ಎರಡು ಉದ್ದನೆಯ ಹಲಗೆ. ಹಲಗೆಯ ಮೇಲೊಂದು ಕೊಂಡಿ ಬೂಟನ್ನು ಕಚ್ಚಿ ಹಿಡಿದಿರುತ್ತದೆ. ಬಿದ್ದಾಗ ಆ ಕೊಂಡಿ ಬೂಟನ್ನು ಬಿಟ್ಟುಕೊಡಬೇಕು. ಬಿಡದಿದ್ದರೆ ಹಲಗೆ ಒಂದು ಕಡೆ ತಿರುಗುತ್ತದೆ, ಮನುಷ್ಯ ಇನ್ನೊಂದು ಕಡೆ ತಿರುಗುತ್ತಾನೆ, ನಡುವಿನ ಮೂಳೆ ಯಾರ ಮಾತು ಕೇಳಲಿ ಎಂದು ತಿಳಿಯದೆ ಎರಡಾಗುತ್ತದೆ. ತೂಕ, ಎತ್ತರ, ವಯಸ್ಸು ನೋಡಿಕೊಂಡು ಅಂಗಡಿಯವರು ಕೊಂಡಿಯ ಸ್ಕ್ರೂ ತಿರುಗಿಸುತ್ತಾರೆ. ಐವತ್ತು ದಾಟಿದವರಿಗೆ ಒಂದು ಮೆಟ್ಟಿಲು ಸಡಿಲ. ಹದಿನೆಂಟು ಕಾಲುಗಳಲ್ಲಿ ನಾಲ್ಕು, ಹೀಗೆ ಅರ್ಜಿಯಲ್ಲಿ ಪ್ರಾಯದವರಾಗಲು ಹೋದವರದ್ದು. ಆ ನಾಲ್ವರನ್ನೂ ಗಾರೆಯವರೇ ಪ್ಲಾಸ್ಟರ್ ಸುತ್ತುತ್ತ ಸಾಕಷ್ಟು ಹಂಗಿಸಿದ್ದರು.

ಈಗ ಹೌದು ಎಂದರೆ ಹೆಂಡತಿ ಹೋಗುತ್ತಾಳೆ. ಇಲ್ಲ ಎಂದರೆ ಕಾಲು ಹೋಗುತ್ತದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ಬೆಳಿಗ್ಗೆ ಹಲ್ಲುಜ್ಜುವಾಗ ದಾರಿ ಹೊಳೆಯಿತು. ಹೊಳೆದದ್ದೇ ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡು, ಇಂಥ ಬುದ್ಧಿ ಪ್ಲಾಸ್ಟರ್ ರೂಮಿನಲ್ಲಿ ಕೊಳೆಯುತ್ತಿದೆಯಲ್ಲ ಎಂದು ಮರುಗಿದರು. ವಯಸ್ಸು ಹೆಚ್ಚಿದ್ದರೆ ಕೊಂಡಿ ಸಡಿಲ. ಸರಿ. ಆದರೆ ತೂಕ ಕಮ್ಮಿಯಿದ್ದರೂ ಕೊಂಡಿ ಸಡಿಲವೇ! ನಲವತ್ತೆಂಟು ಎಂಬ ಸುಳ್ಳಿನಿಂದ ಬಿಗಿಯಾದದ್ದನ್ನು ತೂಕದ ಇನ್ನೊಂದು ಸುಳ್ಳಿನಿಂದ ಸಡಿಲ ಮಾಡಿದರಾಯಿತು. ಎರಡು ಸುಳ್ಳು ಸೇರಿ ಸರಿಯಾಗಿ ಒಂದು ನಿಜವಾಗುತ್ತದೆ. ಎಪ್ಪತ್ತನಾಲ್ಕು ಕಿಲೋದ ಗಾರೆಯವರು ಪೆನ್ಸಿಲಿನಿಂದ ಅರವತ್ತೆರಡು ಎಂದು ಬರೆದರು. ಇಲ್ಲ ಎಂಬ ಚೌಕಕ್ಕೆ ಗುರುತು ಹಾಕಿದರು. ಫೈಲು ಮುಚ್ಚಿದರು.

ಲೋಕದಲ್ಲಿ ಇಷ್ಟೊಂದು ಹೆಂಗಸರಿರುವಾಗ, ತಾನು ಕೈ ಹಿಡಿಯಲು ಹೊರಟದ್ದು ಯಾರನ್ನು ಎಂಬ ಸಣ್ಣ ವಿಷಯ ಅವರಿಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಪಾದದ ಅಳತೆಯ ವಿಷಯದಲ್ಲಿ ಮಾತ್ರ ಅವರು ರಾಜಿಗೆ ತಯಾರಿರಲಿಲ್ಲ. ಟೇಪು ಹಿಡಿದು ಅಳೆಯುವುದು ದರ್ಜಿಗಳ ಕೆಲಸ ಎಂದು ಅವರ ಮತ. ಇಬ್ಬರ ಪಾದಗಳಿಗೂ ಪ್ಲಾಸ್ಟರಿನ ಅಚ್ಚು ತೆಗೆದು ಅಂಗಡಿಗೆ ಪಾರ್ಸೆಲ್ ಮಾಡುವುದೆಂದು ತೀರ್ಮಾನಿಸಿದರು. ಭಾನುವಾರ ಬೆಳಿಗ್ಗೆ, ದೊಡ್ಡ ನರ್ಸಿನ ಒಪ್ಪಿಗೆ ಪಡೆದು, ಮೇಡಂ ಅವರನ್ನು ಪ್ಲಾಸ್ಟರ್ ರೂಮಿಗೆ ಕರೆದರು. ಪ್ರೇಮಿಗಳು ಉದ್ಯಾನಕ್ಕೆ ಹೋಗುವ ಹೊತ್ತು ಅದು.

ಮೇಡಂ ಎತ್ತರದ ಮಂಚದ ಮೇಲೆ ಕೂತಳು. ಗಾರೆಯವರು ಪಾದಕ್ಕೆ ವ್ಯಾಸಲೀನ್ ಹಚ್ಚಿ, ತೆಳು ಕಾಲುಚೀಲ ತೊಡಿಸಿ, ಬೆಚ್ಚಗಿನ ನೀರಿನಲ್ಲಿ ಅದ್ದಿದ ಪಟ್ಟಿಯನ್ನು ಹಿಂಡಿ ಸುತ್ತತೊಡಗಿದರು. ಸುತ್ತುವಾಗ ಅವರು ಬೇರೆಯೇ ಮನುಷ್ಯ. ಜಂಬವೆಲ್ಲ ಬಕೀಟಿನಲ್ಲಿ ಕರಗಿಹೋಗಿ ಬರೀ ಕೈ ಉಳಿಯುತ್ತಿತ್ತು. ಬೆರಳ ಸಂದಿಯ ಸುಕ್ಕನ್ನೂ ಬಿಡದೆ ಅಂಗೈಯಿಂದ ತೀಡಿ ತೀಡಿ ನಯ ಮಾಡಿದರು.

"ಬಿಸಿಯಾಗ್ತಿದೆಯಲ್ರೀ!" ಎಂದಳು ಮೇಡಂ.

"ಗಟ್ಟಿಯಾಗೋವಾಗ ಬಿಸಿಯಾಗುತ್ತೆ. ಹೆದರಬೇಡಿ."

"ಹೆದರಲಿಲ್ಲ. ಚೆನ್ನಾಗಿದೆ ಅಂದೆ."

ಗಾರೆಯವರ ಕಿವಿ ಕೆಂಪಾಯಿತು. ಹತ್ತು ನಿಮಿಷದ ಮೇಲೆ ಕತ್ತರಿಯಿಂದ ಮುಂಭಾಗ ಸೀಳಿ ಅಚ್ಚು ಬಿಡಿಸಿದರು. ಎರಡು ಬಿಳೀ ಪಾದಗಳು ಕಿಟಕಿಯ ಕಟ್ಟೆಯ ಮೇಲೆ ಒಣಗಲು ಕೂತವು. ಮೇಡಂ ಕಣ್ಣು ಮಿನುಗಿಸಿ, "ಈಗ ನಿಮ್ಮದು. ನಾನು ಸುತ್ತುತ್ತೀನಿ" ಎಂದಳು.

ಸುತ್ತಿದಳು. ಕೈ ಹೊಸತು, ಉತ್ಸಾಹ ಹೆಚ್ಚು. ಎರಡು ಪದರ ಸಾಕಾದಲ್ಲಿ ಎಂಟು ಪದರ ಹಾಕಿದಳು. ಗಾರೆಯವರು ಎರಡು ಮರದ ದಿಮ್ಮಿಗಳಂಥ ಕಾಲುಗಳನ್ನು ಮುಂದಕ್ಕೆ ಚಾಚಿ ಮಂಚದ ಮೇಲೆ ಕೂತರು. ಇನ್ನು ಇದು ಕತ್ತರಿಗೆ ಬಗ್ಗುವುದಿಲ್ಲ, ಗರಗಸವೇ ಬೇಕು ಎಂದು ಗೋಡೆ ತೋರಿಸಿ, ಅದು ಚರ್ಮ ಕುಯ್ಯುವುದಿಲ್ಲ, ಬರೀ ನಡುಗುತ್ತದೆ ಎಂದು ಅಭ್ಯಾಸಬಲದಿಂದ ಸೇರಿಸಿದರು. ಒಣಗುವವರೆಗೆ ಮಾಡಲು ಕೆಲಸವಿಲ್ಲದ್ದರಿಂದ ಮೇಡಂ ಕೈ ತೊಳೆದುಕೊಂಡು ಫೈಲು ತೆರೆದಳು.

"ಅರ್ಜಿ ಪೆನ್ಸಿಲಲ್ಲಿ ಬರೆದಿದ್ದೀರಾ? ನಾನೇ ಶಾಯಿ ತಿದ್ತೀನಿ ಬಿಡಿ. ನಂದು... ಎಪ್ಪತ್ತೆರಡು ಕಿಲೋ ನಾನೂರು ಗ್ರಾಂ. ಸರಿ. ನಿಮ್ದು..." ಪೆನ್ನು ನಿಂತಿತು. "ಅರವತ್ತೆರಡಾ? ಯಾರದು ಇದು?"

"ನಂದೇ."

ಮೇಡಂ ತಲೆ ಎತ್ತಿ ಅವರನ್ನು ತಲೆಯಿಂದ ಪ್ಲಾಸ್ಟರಿನವರೆಗೆ ನೋಡಿದಳು. ಇಪ್ಪತ್ತು ವರ್ಷ ಲಾರಿಗಳನ್ನು ನೋಡಿದ ನೋಟ ಅದು. "ನೀವು ಎಪ್ಪತ್ತಮೂರಕ್ಕಿಂತ ಕಮ್ಮಿ ಇದ್ರೆ ನಾನು ನಾಳೆಯಿಂದ ಕಟ್ಟೆಗೆ ಹೋಗೋದಿಲ್ಲ."

"ಇತ್ತೀಚೆಗೆ ಸ್ವಲ್ಪ ಇಳಿದಿದ್ದೀನಿ."

"ಹೌದಾ? ಹತ್ತಿ ತೋರಿಸಿ ಹಾಗಾದ್ರೆ." ಬಾಗಿಲ ಹಿಂದಿನ ತೂಕದ ಯಂತ್ರವನ್ನು ದರದರನೆ ಎಳೆದು ತಂದು ಮಂಚದ ಮುಂದಿಟ್ಟಳು. "ಪ್ಲಾಸ್ಟರಿನ ತೂಕ ನಾನು ಕಳೀತೀನಿ. ಬನ್ನಿ."

"ಒದ್ದೆ ಪ್ಲಾಸ್ಟರ್ ಮೇಲೆ ನಿಲ್ಲಬಾರದು" ಎಂದರು ಗಾರೆಯವರು. ಇದು ಅವರ ವೃತ್ತಿಯ ಮೊದಲನೆಯ ನಿಯಮ. ನಿಯಮಕ್ಕೆ ಅವರು ಅಷ್ಟು ಗಟ್ಟಿಯಾಗಿ ಎಂದೂ ಅಂಟಿಕೊಂಡಿರಲಿಲ್ಲ.

"ಹೆಚ್ಚು ತೂಕ ಹೇಳೋರು ನನಗೆ ಗೊತ್ತು, ಕಮ್ಮಿ ಹೇಳೋರೂ ಗೊತ್ತು" ಎಂದಳು ಮೇಡಂ ಸ್ಟೂಲು ಎಳೆದುಕೊಂಡು ಕೂತು. "ಕಮ್ಮಿ ಹೇಳಿದ್ರೆ ಲಾಭ ಬೇರೆ ಎಲ್ಲೋ ಇರುತ್ತೆ. ಯಾವ ಚಕ್ರ ಹೊರಗಿಟ್ಟಿದ್ದೀರಿ, ಹೇಳಿ."

ಓಡಿಹೋಗಲು ಕಾಲು ಬೇಕು. ಕಾಲು ಎರಡೂ ಗಟ್ಟಿಯಾಗುತ್ತಿದ್ದವು. ಗಾರೆಯವರು ಸಿಂಕು ನೋಡಿದರು, ಸೂರು ನೋಡಿದರು, ಕಿಟಕಿಯ ಕಟ್ಟೆಯ ಮೇಲಿನ ಎರಡು ಬಿಳೀ ಪಾದಗಳನ್ನು ನೋಡಿದರು. ಆ ಪಾದಗಳ ಮುಂದೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

"ತೂಕ ಸುಳ್ಳು" ಎಂದರು. "ವಯಸ್ಸು ಸುಳ್ಳು ಹೇಳಿದ್ದಕ್ಕೆ ತೂಕ ಸುಳ್ಳು ಹೇಳಬೇಕಾಯ್ತು. ನನಗೆ ಐವತ್ತೊಂದು."

ಆಮೇಲೆ ಕೊಂಡಿ, ಸ್ಕ್ರೂ, ಒಂದು ಮೆಟ್ಟಿಲು ಸಡಿಲ, ಎರಡು ಸುಳ್ಳು ಸೇರಿ ಒಂದು ನಿಜ, ಎಲ್ಲವನ್ನೂ ವಿವರಿಸಿದರು. ವಿವರಿಸುವಾಗ, ಅಂಥ ಸ್ಥಿತಿಯಲ್ಲೂ, ಆ ಲೆಕ್ಕದ ಬಗ್ಗೆ ಒಂದಿಷ್ಟು ಹೆಮ್ಮೆ ದನಿಯಲ್ಲಿ ಇಣುಕಿತು. ಅದೇ ತಪ್ಪಾಯಿತು.

ಮೇಡಂ ಎದ್ದಳು. "ಲಾರಿಯವರು ಕದಿಯೋದು ನೂರು ಕಿಲೋ, ಇನ್ನೂರು ಕಿಲೋ. ಮೂರು ವರ್ಷ ಕದ್ದೋರನ್ನ ಇವತ್ತೇ ನೋಡಿದ್ದು" ಎಂದಳು. ಚೀಲ ತೋಳಿಗೆ ಹಾಕಿಕೊಂಡು ಹೊರಟೇಹೋದಳು. ಬಾಗಿಲು ತನ್ನಷ್ಟಕ್ಕೆ ಮುಚ್ಚಿತು.

ಭಾನುವಾರದ ಆಸ್ಪತ್ರೆ. ಗರಗಸ ಗೋಡೆಯ ಮೇಲೆ, ಎಂಟು ಅಡಿ ದೂರ. ಗಾರೆಯವರು ಕೂತರು. ಮೂರು ವರ್ಷ ಎಷ್ಟು ಉದ್ದ ಎಂದು ಅವರಿಗೆ ಅರ್ಥವಾಗಲು ಆ ಅರ್ಧ ಗಂಟೆ ಸಾಕಾಯಿತು. ನೆಲ ಒರೆಸುವವಳು ಬಾಗಿಲು ತೆರೆದು ಒಳಗೆ ನೋಡಿ, "ಅಯ್ಯೋ ಗಾರೆಯವರೇ! ಎರಡೂ ಕಾಲಾ? ಎಲ್ಲಿ ಬಿದ್ರಿ?" ಎಂದು ಬಾಯಿ ಮೇಲೆ ಕೈಯಿಟ್ಟಳು.

"ಇನ್ನೂ ಬೀಳಬೇಕು. ಹೋಗಮ್ಮ."

ಆಕೆಯೇನೋ ಹೋದಳು. ಆದರೆ ಆಕೆ ಹಾಕದೆ ಬಿಟ್ಟ ಬಾಗಿಲಲ್ಲಿ ಮೇಡಂ ನಿಂತಿದ್ದಳು. ಬಸ್ ನಿಲ್ದಾಣದವರೆಗೂ ಹೋಗಿ ಬಂದ ಸುಸ್ತು ಮುಖದಲ್ಲಿತ್ತು. ಗೋಡೆಯಿಂದ ಗರಗಸ ತೆಗೆದು ಪ್ಲಗ್ಗು ಚುಚ್ಚಿದಳು. ಅದು ಕೂಗಿತು.

"ಮೇಡಂ... ಸ್ವಲ್ಪ... ನಿಧಾನ..." ಗಾರೆಯವರು ಮಂಚದ ತುದಿಗೆ ಸರಿದರು.

"ಇದು ಚರ್ಮ ಕುಯ್ಯಲ್ಲ, ಬರೀ ನಡುಗುತ್ತೆ ಅಂತ ನೀವೇ ತಾನೇ ಹೇಳ್ತಿದ್ರಿ?"

"ಹೇಳ್ತೀನಿ ನಿಜ. ಆದ್ರೆ..." ಮುಂದಿನ ಮಾತು ಗರಗಸದ ಸದ್ದಿನಲ್ಲಿ ಮುಳುಗಿತು. ಇಪ್ಪತ್ತಾರು ವರ್ಷದ ರೋಗಿಗಳೆಲ್ಲ ಆ ಕ್ಷಣದಲ್ಲಿ ಅವರ ಆಪ್ತ ಬಂಧುಗಳಾದರು. ಕಣ್ಣು ಮುಚ್ಚಿದರು. ತೆರೆದಾಗ ಪ್ಲಾಸ್ಟರು ಎರಡು ಹೋಳಾಗಿತ್ತು. ಕಾಲು ಒಂದೇ ಹೋಳು ಉಳಿದಿತ್ತು.

ಎರಡನೆಯದನ್ನೂ ಕುಯ್ದು ಗರಗಸ ಕೆಳಗಿಟ್ಟ ಮೇಡಂ, ಬಾಗಿಲಿನತ್ತ ನೋಡಿ, ಕೈ ಎತ್ತಿ ಒಂದು ಸುತ್ತು ತಿರುಗಿಸಿದಳು.

"ಏನು?" ಎಂದರು ಗಾರೆಯವರು.

"ಹೊರಗೆ ಹೋಗಿ ಮತ್ತೆ ಬನ್ನಿ. ಮರುತೂಕ. ಮೊದಲಿಂದ ಹೇಳಿ, ಒಂದೂ ಚಕ್ರ ಹೊರಗಿಡಬೇಡಿ. ಆಮೇಲೆ ಏನು ಮಾಡೋದು ಅಂತ ನಾನು ಹೇಳ್ತೀನಿ."

ಕಾಲಿಗೆ ಅಂಟಿದ ಬಿಳೀ ಪುಡಿಯೊಂದಿಗೆ, ಬರಿಗಾಲಿನಲ್ಲಿ, ಗಾರೆಯವರು ಮೊಗಸಾಲೆಯ ಕೊನೆಯವರೆಗೆ ಹೋಗಿ, ಅಲ್ಲಿ ಒಂದು ನಿಮಿಷ ನಿಂತು, ತಿರುಗಿ ಬಂದರು. ಬಾಗಿಲು ತಟ್ಟಿದರು. ಒಳಗೆ ಬಂದು ಸ್ಟೂಲಿನ ಮೇಲೆ ಕೂತರು.

"ವಯಸ್ಸು?"

"ಐವತ್ತೊಂದು."

"ತೂಕ?"

"ಎಪ್ಪತ್ತನಾಲ್ಕು. ಊಟ ಆದ ಮೇಲೆ ಎಪ್ಪತ್ತೈದು."

"ಕೂದಲು?"

"ಬಣ್ಣ."

"ಸ್ಕೀಯಿಂಗ್ ಒಳ ಹೊರಗು?"

"ಒಳಗು ಗೊತ್ತು. ಹೊರಗು ಗೊತ್ತಿಲ್ಲ. ಹಿಮ ನಾನು ನೋಡಿರೋದು ಫ್ರಿಜ್ಜಿನಲ್ಲಿ ಮಾತ್ರ."

ಮೇಡಂ ತುಟಿ ಬಿಗಿಹಿಡಿದಳು. ಬಿಗಿಹಿಡಿದದ್ದು ನಿಲ್ಲಲಿಲ್ಲ. "ಇನ್ನೇನಾದ್ರೂ ಇದೆಯಾ?"

"ಬೀದೀಲಿ ಎಲ್ಲರೂ ನನ್ನ ಡಾಕ್ಟ್ರೇ ಅಂತಾರೆ. ನಾನು ಅಲ್ಲ ಅಂತ ಒಂದು ಸಲಾನೂ ಹೇಳಿಲ್ಲ."

"ಅದು ಲೋಡ್ ಅಲ್ಲ ಬಿಡಿ, ಮೇಲೆ ಹೊದಿಸೋ ಟಾರ್ಪಾಲು" ಎಂದು ಮೇಡಂ ಪೆನ್ನು ತೆಗೆದಳು. ಪೆನ್ಸಿಲ್ ಗುರುತನ್ನು ಉಜ್ಜಿ ಅಳಿಸಿ, ಹೌದು ಎಂಬ ಚೌಕದೊಳಗೆ ಅಂಚಿನಿಂದ ಅಂಚಿಗೆ ಮುಟ್ಟುವ ಹಾಗೆ ಒಂದು ಗುರುತು ಹಾಕಿದಳು. "ಸಹಿ ಮಾಡಿ. ಓದಿ ಮಾಡಿ."

ಗಾರೆಯವರು ಓದಿದರು. ಎರಡು ಸಲ ಓದಿದರು. ಅಕ್ಷರಗಳು ಸ್ವಲ್ಪ ಮಸುಕಾಗಿದ್ದವು, ಪ್ಲಾಸ್ಟರ್ ಪುಡಿ ಕಣ್ಣಿಗೆ ಬಿದ್ದಿರಬೇಕು.

ಮುಂದಿನ ತಿಂಗಳು ಮದುವೆಯಾಯಿತು. ರಿಜಿಸ್ಟ್ರಾರ್ ಆಫೀಸಿನಲ್ಲಿ ಗುಮಾಸ್ತ ಸಹಿ ಮಾಡುವ ಜಾಗವನ್ನು ಬೆರಳಲ್ಲಿ ತೋರಿಸಿದ. ಮೇಡಂ ಬೆರಳನ್ನು ಪಕ್ಕಕ್ಕೆ ಸರಿಸಿ ಮೊದಲ ಸಾಲಿನಿಂದ ಓದಿದಳು. ಅಕ್ಕ ಹಿಂದಿನ ಕುರ್ಚಿಯಲ್ಲಿ ಕೂತು ಬೆವರಿದಳು. ಮೇಡಂ ಏನೂ ಅನ್ನದೆ ಸಹಿ ಹಾಕಿದ್ದನ್ನು ಕಂಡು, ಓದಿಯೂ ಲಕ್ಷ್ಯ ಕೊಡದ ಪೆದ್ದಿ ಹೆಣ್ಣು ಎಂದು ಸಮಾಧಾನಪಟ್ಟಳು.

ಗುಡ್ಡದ ಮೇಲೆ ಮೊದಲ ವಾರದ ಹಿಮ, ಸುಣ್ಣ ಬಳಿಯುವವನು ಅರ್ಧಕ್ಕೆ ಕೈಬಿಟ್ಟ ಗೋಡೆಯ ಹಾಗೆ, ಅಲ್ಲಲ್ಲಿ ಕಲ್ಲು ತೋರಿಸಿಕೊಂಡು ಬಿದ್ದಿತ್ತು. ಗುದ್ದುವವರು ಯಾರೂ ಇರಲಿಲ್ಲ, ಆ ಮಟ್ಟಿಗೆ ಪ್ಲಾನು ಗೆದ್ದಿತು. ಬಾಡಿಗೆ ಅಂಗಡಿಯ ಹೆಂಗಸು ಹೋಳು ಅಂಟಿಸಿ ಕಳಿಸಿದ್ದ ನಾಲ್ಕು ಪ್ಲಾಸ್ಟರ್ ಪಾದಗಳನ್ನು ಕೌಂಟರಿನ ಮೇಲೆ ಸಾಲಾಗಿಟ್ಟು, ಒಂದರಲ್ಲಿ ಪೆನ್ನುಗಳನ್ನು, ಇನ್ನೊಂದರಲ್ಲಿ ಬಿಸ್ಕತ್ತನ್ನು ಇಟ್ಟುಕೊಂಡಿದ್ದಳು. ಅಳತೆಗೆ ಟೇಪು ತೆಗೆದಳು. ಗಾರೆಯವರು ಅವಮಾನ ನುಂಗಿಕೊಂಡರು. ಅರ್ಜಿ ನೋಡಿ, ಸ್ಕ್ರೂ ತಿರುಗಿಸಿ, ಒಂದು ಮೆಟ್ಟಿಲು ಸಡಿಲ ಮಾಡಿ ಕೊಟ್ಟಳು.

ಮೇಡಂ ಮೊದಲ ದಿನವೇ ಮಕ್ಕಳ ಇಳಿಜಾರಿನಲ್ಲಿ ನೆಟ್ಟಗೆ ಜಾರಿದಳು. ಹಿಂದೆ ತಿರುಗಿ, ಹಿಮದ ಮೇಲೆ ತನ್ನವೇ ಎರಡು ಗೆರೆಗಳನ್ನು ಬಹಳ ಹೊತ್ತು ನೋಡುತ್ತ ನಿಂತಳು. ಗಾರೆಯವರು ಬಿದ್ದರು. ಎದ್ದು ಬಿದ್ದರು. ಏಳದೆಯೂ ಬಿದ್ದರು. ಮೂರನೆಯ ದಿನ ತೆಳು ಹಿಮದ ಕೆಳಗಿನ ಕಲ್ಲೊಂದು ಬಲಗಾಲಿನ ಹಲಗೆಯ ತುದಿಯನ್ನು ಹಿಡಿದುಕೊಂಡಿತು. ಹಲಗೆ ಅತ್ತ ತಿರುಗಿತು, ಗಾರೆಯವರು ಇತ್ತ ತಿರುಗಿದರು. ಮೊಣಕಾಲ ಕೆಳಗಿನ ಉದ್ದ ಮೂಳೆ, ಎರಡು ಹಾಳೆ, ಹದಿನಾರು ವಾರ ಎಂದು ಗಾಳಿಯಲ್ಲಿದ್ದಾಗಲೇ ಲೆಕ್ಕ ಹಾಕಿಕೊಂಡರು. ಆಗ ಟಕ್ಕೆಂದು ಕೊಂಡಿ ಬೂಟನ್ನು ಬಿಟ್ಟಿತು. ಹಲಗೆಯೊಂದೇ ಇಳಿಜಾರಿನಲ್ಲಿ ಜಾರಿಕೊಂಡು ಹೋಯಿತು. ಇವರು ಹಿಮದ ಮೇಲೆ ಬೆನ್ನು ಚಾಚಿ ಮಲಗಿ, ಕಾಲನ್ನು ಎತ್ತಿ, ಇಳಿಸಿ, ಮಡಚಿ, ಬಿಡಿಸಿ ನೋಡಿದರು. ಒಂದು ವಾರವೂ ಇರಲಿಲ್ಲ.

ಮೇಲಿನಿಂದ ಮೇಡಂ ಕೂಗಿದಳು, "ರೀ, ಸರಿ ಇದ್ದೀರಾ?"

ಇವರು ಮಲಗಿದಲ್ಲಿಂದಲೇ ಕೈ ಎತ್ತಿ ಆಡಿಸಿದರು.

ಊರಿಗೆ ಬಂದ ಮರುದಿನವೇ ಅಕ್ಕ ಫೋಟೋ ನೋಡಲು ಬಂದಳು. ಮೇಡಂ ಕಟ್ಟೆಗೆ ಹೋಗಿದ್ದಳು, ಸುಗ್ಗಿಯ ಲಾರಿಗಳು ಬರತೊಡಗಿದ್ದವು. ಹೊಸ ಸೋಫಾದ ಮೇಲೆ ಕೂತು, ಒಂದೊಂದೇ ಫೋಟೋ ಸರಿಸುತ್ತ, ಅಕ್ಕ ವಯಸ್ಸಿನ ಗುಟ್ಟು ಹೇಗೆ ದಕ್ಕಿತೆಂದು ತನ್ನನ್ನು ತಾನೇ ಹೊಗಳಿಕೊಂಡಳು. ಗಾರೆಯವರು ತಡೆದರು. ಅರ್ಜಿಯಲ್ಲಿ ನಿಜ ಬರೆದದ್ದನ್ನೂ ಅದಕ್ಕೆ ಮೊದಲು ಹೆಂಡತಿಗೆ ಹೇಳಿದ್ದನ್ನೂ ಹೇಳಿದರು. ಅಕ್ಕನ ಮುಖ ಕೆಂಪಗಾಯಿತು. ಫೋಟೋಗಳು ಮಡಿಲಿಗೆ ಬಿದ್ದವು.

"ನನ್ನನ್ನ ಸುಳ್ಳಿ ಮಾಡಿಬಿಟ್ಯಲ್ಲೋ! ಅವಳು ಕೇಳಿದ್ಳಾ? ಇಲ್ಲ. ರಿಜಿಸ್ಟ್ರಾರ್ ಕೇಳಿದ್ನಾ? ಇಲ್ಲ. ಯಾವುದೋ ಬೂಟಿನ ಅಂಗಡಿಯೋರು ಕೇಳಿದ್ರು ಅಂತ ನಿಜ ಹೇಳೋದಾ? ನಾನು ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದೆ. ಮೂರೇ ಮೂರು ವರ್ಷ ಕಣೋ, ಅದನ್ನ ಹೇಳದೇ ಇದ್ದಿದ್ರೆ ನಿನಗೇನು ಕಮ್ಮಿಯಾಗ್ತಿತ್ತು?"

"ಒಂದು ಕಾಲು" ಎಂದರು ಗಾರೆಯವರು.